ವೀಖೋದ್ನಾ: ಕುರಿಗಾಹಿಗಳ ಕುಣಿತ ನೋಡಲು ಸ್ಲೊವಾಕಿಯಾದ ಒಂದು ಹಳ್ಳಿಗೆ

ಸ್ಲೊವಾಕಿಯಾದ ಉತ್ತರ ಭಾಗದಲ್ಲಿ, ತಾತ್ರಾ ಪರ್ವತಗಳ ಬುಡದಲ್ಲಿರುವ ವೀಖೋದ್ನಾ ಸುಮಾರು ಎರಡು ಸಾವಿರ ಜನರ ಹಳ್ಳಿ. ಇಲ್ಲಿ 1953ರಲ್ಲಿ ಆರಂಭವಾದ ಜನಪದ ಉತ್ಸವ ಆ ದೇಶದ ಅತ್ಯಂತ ಹಳೆಯ ಉತ್ಸವಗಳಲ್ಲಿ ಒಂದು. ಯೂರೋಪಿನ ಬೇಸಿಗೆಯ ಮೊದಲ ವಾರಗಳಲ್ಲಿ, ಅಂದರೆ ಜೂನ್ ಕೊನೆ ಇಲ್ಲವೇ ಜುಲೈ ಆರಂಭದಲ್ಲಿ, ನಡೆಯುವ ಈ ಉತ್ಸವಕ್ಕೆ ಸ್ಲೊವಾಕಿಯಾದ ಬೇರೆ ಬೇರೆ ಕಣಿವೆಗಳ ತಂಡಗಳ ಜೊತೆಗೆ ಹೊರದೇಶಗಳ ನೃತ್ಯ ತಂಡಗಳೂ ಬರುತ್ತವೆ. ವಿಯೆನ್ನಾದಲ್ಲಿ ನೆಲೆಸಿರುವ ನಾನು ಮತ್ತು ನನ್ನ ಪತ್ನಿ ಅಲ್ಲಿಗೆ ಹೋಗಿ ಎರಡು ದಿನ ಇದ್ದು ಬಂದೆವು. ಊರ ಜಾತ್ರೆಯಲ್ಲಿ ಡೊಳ್ಳು ಕುಣಿತ ನೋಡಿ ಬೆಳೆದ ಯಾರಿಗಾದರೂ ಈ ಪ್ರಯಾಣ ಸಾರ್ಥಕವೆನಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಾಜಧಾನಿ ಬ್ರಾಟಿಸ್ಲಾವಾದಿಂದ ಪೂರ್ವದ ಕೊಶಿತ್ಸೆ ನಗರದ ಕಡೆಗೆ ಹೋಗುವ ರೈಲಿನಲ್ಲಿ ಲಿಪ್ತೋವ್ಸ್ಕೀ ಮಿಕುಲಾಶ್ ಪಟ್ಟಣದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಹಳ್ಳಿಗೆ ಹೋಗುವುದು ಸುಲಭ. ವಸತಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಾವು ಕಾಯ್ದಿರಿಸಿದ್ದ ಪಟ್ಟಣದ ಒಂದು ಅತಿಥಿಗೃಹದವರು ಹಿಂದಿನ ದಿನ ಕೋಣೆ ಇಲ್ಲವೆಂದುಬಿಟ್ಟರು. ಆದ್ದರಿಂದ ತಿಂಗಳುಗಳ ಮೊದಲೇ ಕಾಯ್ದಿರಿಸಿ, ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಒಳಿತು.

ಪ್ರದರ್ಶನಗಳು ನಡೆಯುವುದು ಬಯಲು ರಂಗಮಂದಿರದಲ್ಲಿ. ಹಳ್ಳಿಯ ಆಚೆಗೆ ಕ್ರಿವಾನ್ ಶಿಖರ ನಿಂತಿದೆ. ಸುಮಾರು 2,500 ಮೀಟರ್ ಎತ್ತರದ, ತುದಿ ಒಂದು ಕಡೆಗೆ ಬಾಗಿದಂತಿರುವ ಈ ಶಿಖರವನ್ನು ಸ್ಲೊವಾಕ್ ಜನ ತಮ್ಮ ಚಿಕ್ಕ ಯೂರೋ ನಾಣ್ಯಗಳ ಮೇಲೆ ಮುದ್ರಿಸಿಕೊಂಡಿದ್ದಾರೆ. ಕಾರ್ಯಕ್ರಮದ ನಡುವೆ ನನ್ನ ಪತ್ನಿ ಪರ್ಸಿನಿಂದ ಎರಡು ಸೆಂಟಿನ ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟು, "ಇದೇ ಬೆಟ್ಟ ನೋಡಿ" ಎಂದಳು. ಬೆಟ್ಟ, ನಾಡು, ಕುಣಿತ ಇವು ಆ ಜನರ ಮನಸ್ಸಿನಲ್ಲಿ ಎಷ್ಟು ಹತ್ತಿರದವು ಎಂಬುದು ನನಗೆ ಆಗ ಅರಿವಿಗೆ ಬಂತು.

ನಾನು ಎಲ್ಲಕ್ಕಿಂತ ಹೆಚ್ಚು ಕಾದಿದ್ದದ್ದು ಒಡ್ಜೆಮೊಕ್ ಎಂಬ ಗಂಡಸರ ಕುಣಿತಕ್ಕೆ. ಕುಣಿಯುವವನು ಕುಕ್ಕರಗಾಲಿನಲ್ಲಿ ಕುಳಿತು ಕಾಲುಗಳನ್ನು ಒಂದೊಂದಾಗಿ ಮುಂದೆ ಚಾಚುತ್ತಾನೆ, ಮರುಕ್ಷಣವೇ ನೆಗೆಯುತ್ತಾನೆ, ನೆಗೆದಾಗಲೇ ವಲಾಶ್ಕಾ ಎಂಬ ನೀಳ ಹಿಡಿಯ ಸಣ್ಣ ಕೊಡಲಿಯನ್ನು ಕಾಲಿನಡಿಯಿಂದ ದಾಟಿಸಿ ಇನ್ನೊಂದು ಕೈಗೆ ತೆಗೆದುಕೊಳ್ಳುತ್ತಾನೆ. ಈ ಕೊಡಲಿ ಬೆಟ್ಟದಲ್ಲಿ ಕುರಿ ಕಾಯುವವರ ಊರುಗೋಲೂ ಹೌದು, ಕೆಲಸದ ಹತ್ಯಾರವೂ ಹೌದು. ನಮ್ಮ ಡೊಳ್ಳು ಕುಣಿತವನ್ನು ಬೀರೇಶ್ವರನ ಸೇವೆಯಾಗಿ ಬೆಳೆಸಿ ಉಳಿಸಿದವರು ಹಾಲುಮತದ ಕುರುಬರು. ಅವರ ಹೆಗಲ ಮೇಲಿನ ಕಂಬಳಿಯಂತೆಯೇ ಇಲ್ಲಿನ ಕುರಿಗಾಹಿಗಳ ಹೆಗಲ ಮೇಲೂ ಕುರಿಯುಣ್ಣೆಯ ದಪ್ಪ ಹೊದಿಕೆ. ಈ ಎರಡು ಕುಣಿತಗಳಿಗೆ ಚರಿತ್ರೆಯ ನಂಟೇನೂ ಇಲ್ಲ. ಆದರೂ ಮಂದೆಯ ಹಿಂದೆ ದಿನವಿಡೀ ನಡೆಯುವ ಕಾಲುಗಳ ಕಸುವು ಎರಡರಲ್ಲೂ ಕಾಣುತ್ತದೆ.

ಕುಣಿತದ ನಡುವೆ ಫುಯಾರಾ ಕೇಳಲು ಸಿಕ್ಕಿತು. ಊದುವವನ ಎತ್ತರಕ್ಕೆ ಸಮನಾದ ಈ ಮರದ ಕೊಳಲಿಗೆ ಇರುವುದು ಮೂರೇ ರಂಧ್ರಗಳು. ಉಳಿದ ಸ್ವರಗಳೆಲ್ಲ ಉಸಿರಿನ ಬಿಗಿಯನ್ನು ಏರಿಸಿ ಇಳಿಸುವುದರಿಂದಲೇ ಹುಟ್ಟುತ್ತವೆ. ಯುನೆಸ್ಕೋ ಇದನ್ನು 2005ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ಘೋಷಿಸಿತು. ಅದರ ಮಂದ್ರ ದನಿ ಕೇಳುತ್ತಿದ್ದಂತೆ ಗದ್ದಲವೆಲ್ಲ ಅಡಗಿತು. ಅದನ್ನು ಕೇಳಲೆಂದೇ ಮತ್ತೊಮ್ಮೆ ಹೋಗಬೇಕೆಂಬ ಆಸೆ ನನಗಿದೆ.

ರಂಗಕ್ಕೆಂದೇ ಅಣಿಗೊಳಿಸಿದ ದೊಡ್ಡ ತಂಡಗಳ ಶಿಸ್ತು ಮೆಚ್ಚುವಂಥದ್ದು. ಆದರೆ ನನ್ನ ಮನಸ್ಸು ಸೋತಿದ್ದು ಹತ್ತು ಹನ್ನೆರಡು ಜನರ ಹಳ್ಳಿ ತಂಡಗಳಿಗೆ. ಅವುಗಳಲ್ಲಿ ಅಜ್ಜಿಯೂ ಮೊಮ್ಮಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಂದು ಕಣಿವೆಯಿಂದ ಇನ್ನೊಂದಕ್ಕೆ ಕಸೂತಿ, ಹೆಜ್ಜೆ, ಹಿಮ್ಮೇಳ ಎಲ್ಲವೂ ಬದಲಾಗುತ್ತವೆ. ಟೆರ್ಖೋವಾ ಕಡೆಯವರು ಪಿಟೀಲುಗಳ ಜೊತೆಗೆ ಎರಡೇ ತಂತಿಯ ಪುಟ್ಟ ಬಾಸ್ ಎಂಬ ಮಂದ್ರ ದನಿಯ ವಾದ್ಯ ನುಡಿಸುತ್ತಾರೆ. ಈ ವ್ಯತ್ಯಾಸಗಳನ್ನು ಗುರುತಿಸಬೇಕಾದರೆ ಹಿಮ್ಮೇಳದವರು ಕಾಣುವಂತೆ ರಂಗದ ಹತ್ತಿರ, ಒಂದು ಬದಿಗೆ ಕೂರಬೇಕು.

ಊಟಕ್ಕೆ ಬ್ರಿಂಡ್ಜೋವೇ ಹಲುಶ್ಕಿ ಸಿಗುತ್ತದೆ. ಆಲೂಗಡ್ಡೆ ಹಿಟ್ಟಿನ ಚಿಕ್ಕ ಉಂಡೆಗಳಿಗೆ ಕುರಿಹಾಲಿನ ಮೆದು ಚೀಸ್ ಕಲಸಿ, ಮೇಲೆ ಹುರಿದ ಹಂದಿ ಕೊಬ್ಬಿನ ಚೂರು ಹಾಕಿ ಕೊಡುವುದು ವಾಡಿಕೆ. ಸಸ್ಯಾಹಾರಿಗಳು ಮೊದಲೇ "ಬೆಜ್ ಸ್ಲಾನಿನಿ" (ಹಂದಿ ಕೊಬ್ಬು ಇಲ್ಲದೆ) ಎಂದು ಹೇಳಬೇಕು. ನಾವು ಹೋದ ಒಂದು ಅಂಗಡಿಯಲ್ಲಿ ಹಾಗೆ ಹೇಳಿದರೂ ಹಾಕಿಯೇ ಕೊಟ್ಟರು. ಪಕ್ಕದ ಅಂಗಡಿಯ ಹೆಂಗಸು ಬೇರೆ ತಟ್ಟೆ ತೊಳೆದು ಬಡಿಸಿದರು.

ಬೆಟ್ಟದ ಮಳೆ ಹೇಳದೆ ಬರುತ್ತದೆ, ಸಂಜೆಯ ಚಳಿಯೂ ಜೋರು. ಮಳೆಯಂಗಿ, ಸ್ವೆಟರ್, ಗಟ್ಟಿ ಬೂಟು ಜೊತೆಗಿರಲಿ. ಕಾರ್ಯಕ್ರಮ ಮುಗಿದೊಡನೆ ಹೊರಟುಬಿಡಬೇಡಿ. ನಾವು ಹೋದ ರಾತ್ರಿ ತಂಡದವರು ಅಲ್ಲಲ್ಲಿ ಗುಂಪುಗೂಡಿ ನುಡಿಸತೊಡಗಿದರು. ನಿಧಾನವಾಗಿ ಆರಂಭವಾಗಿ ಬಿರುಸಾಗುವ ಚಾರ್ಡಾಶ್ ಎಂಬ ಜೋಡಿ ಕುಣಿತಕ್ಕೆ ಹಿರಿಯರೊಬ್ಬರು ನನ್ನ ಪತ್ನಿಯನ್ನು ಕೈಮುಗಿದು ಕರೆದರು. ಆಕೆ ಮೂರನೆಯ ಸುತ್ತಿಗೆ ಹೆಜ್ಜೆ ಹಿಡಿದಳು.