ಒಂದು ಕ್ವಾರ್ಟ್ಜ್, ಒಂದು ಆಟೋಮ್ಯಾಟಿಕ್, ಒಂದೇ ಡ್ರಾಯರ್: ನಾಲ್ಕು ವರ್ಷದ ಬಳಕೆ

ಸಿಂಧನೂರಿನಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಯ ಹೊಲಗಳಿಗೆ ಸಾಲದೆ ಬಂದಾಗ ರೈತರು ಪಂಪ್‌ಸೆಟ್ ಹಚ್ಚುತ್ತಾರೆ. ವೋಲ್ಟೇಜ್ ಬಿದ್ದರೆ ಮೋಟಾರ್ ಸುಡುತ್ತದೆ. ಸುಟ್ಟ ಮೋಟಾರ್ ನನ್ನ ಹತ್ತಿರ ಬರುತ್ತದೆ. ವಾಚಿನ ವಿಮರ್ಶೆಯಲ್ಲಿ ಈ ಕಥೆ ಯಾಕೆ ಅಂತೀರಾ? ವಾಚ್‌ಗಳಿಂದ ನಾನು ಪಟ್ಟ ಪಾಡೆಲ್ಲ ಈ ಅಂಗಡಿಯಲ್ಲೇ ಆದದ್ದು.

ನನ್ನ ಹತ್ತಿರ ಮೊದಲು ಇದ್ದದ್ದು ಸೆಲ್ ಹಾಕುವ ಕ್ವಾರ್ಟ್ಜ್ ವಾಚ್. ನಾಲ್ಕು ವರ್ಷದ ಹಿಂದೆ ಆಟೋಮ್ಯಾಟಿಕ್ ತೊಗೊಂಡೆ. ಡಯಲ್ ಮೇಲಿನ ಹೆಸರು ಮುಖ್ಯವಲ್ಲ, ಎರಡರ ಒಳಗೂ ಇರುವುದು ಜಪಾನಿನ ಮಿಯೋಟಾ ಯಂತ್ರ. ಕ್ವಾರ್ಟ್ಜ್‌ನಲ್ಲಿ 2035 ಅನ್ನುವ ಮಾಡೆಲ್, ಆಟೋಮ್ಯಾಟಿಕ್‌ನಲ್ಲಿ 8215. ಬೇರೆ ಬೇರೆ ಕಂಪನಿಗಳ ಎಷ್ಟೋ ವಾಚ್‌ಗಳಲ್ಲಿ ಇವೇ ಯಂತ್ರಗಳು ಓಡುತ್ತವೆ.

ಆಟೋಮ್ಯಾಟಿಕ್ ಆಸೆ ಹುಟ್ಟಿದ್ದು ಅಪ್ಪನಿಂದ. ಅಪ್ಪನ ಕೈಯಲ್ಲಿ ಎಚ್‌ಎಂಟಿ ಜನತಾ ಇತ್ತು, ಕೀಲಿ ಕೊಡುವ ವಾಚ್. ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಮುಳ್ಳು ಸರಿ ಮಾಡಿ, ಕಿರ್ ಕಿರ್ ಅಂತ ಕೀಲಿ ಕೊಟ್ಟು, ಆಮೇಲೆ ಚಹಾ. ಸೆಲ್ ಇಲ್ಲದೆ, ಕೀಲಿಯನ್ನೂ ಕೊಡದೆ, ಬರೀ ಕೈ ಆಡಿಸಿದರೆ ಓಡುವ ವಾಚ್ ಅಂದಾಗ ನನಗೆ ಅದು ಅಪ್ಪನ ವಾಚಿನ ಮುಂದಿನ ತಲೆಮಾರು ಅನಿಸಿತು.

ಓಡುವ ರೀತಿ ಕೇಳಿದರೆ ನಮ್ಮ ಕಸುಬಿನವರಿಗೆ ಖುಷಿಯಾಗುತ್ತದೆ. ಒಳಗೆ ಅರ್ಧಚಂದ್ರದಂಥ ಒಂದು ಭಾರ ಇದೆ, ಅದಕ್ಕೆ ರೋಟರ್ ಅಂತಲೇ ಹೆಸರು. ಕೈ ಆಡಿದಂತೆ ಅದು ತಿರುಗಿ ಸ್ಪ್ರಿಂಗ್ ಬಿಗಿಯುತ್ತದೆ. 8215ರಲ್ಲಿ ಒಂದು ಕಡೆ ತಿರುಗಿದಾಗ ಮಾತ್ರ ಬಿಗಿಯುತ್ತದೆ, ಇನ್ನೊಂದು ಕಡೆ ಸುಮ್ನೆ ಗರ್ ಅಂತ ಸುತ್ತುತ್ತದೆ. ಕೈ ಜಾಡಿಸಿದರೆ ಆ ಸುತ್ತು ಮಣಿಕಟ್ಟಿಗೆ ಗೊತ್ತಾಗುತ್ತದೆ. ಮೊದಲ ವಾರ ಬೇರಿಂಗ್ ಹೋಗಿದೆಯೇನೋ ಅಂತ ಹೆದರಿದ್ದೆ. ಇಲ್ಲ, ಅದರ ಗುಣವೇ ಹಾಗೆ.

ಟೈಮಿನ ಲೆಕ್ಕದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಕ್ವಾರ್ಟ್ಜ್‌ನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು 15 ಸಲ ಅರ್ಧ ಅರ್ಧ ಮಾಡಿದರೆ ಸೆಕೆಂಡಿಗೆ ಒಂದು ಏಟು ಸಿಗುತ್ತದೆ. ಈ ಯಂತ್ರಕ್ಕೆ ಕಂಪನಿ ಹೇಳುವ ವ್ಯತ್ಯಾಸ ತಿಂಗಳಿಗೆ 20 ಸೆಕೆಂಡ್. ಆಟೋಮ್ಯಾಟಿಕ್ ಗಂಟೆಗೆ 21,600 ಸಲ ಬಡಿಯುತ್ತದೆ, ಅದಕ್ಕೆ ಹೇಳಿರುವುದು ದಿನಕ್ಕೆ 20 ಸೆಕೆಂಡ್ ಹಿಂದೆಯಿಂದ 40 ಸೆಕೆಂಡ್ ಮುಂದೆ. ನನ್ನದು ದಿನಕ್ಕೆ ಸುಮಾರು 15 ಸೆಕೆಂಡ್ ಮುಂದೆ ಓಡುತ್ತಿತ್ತು. ವಾರಕ್ಕೊಮ್ಮೆ ಮುಳ್ಳು ತಿರುವಿದರೆ ಆಯಿತು, ಅದೇನು ದೊಡ್ಡ ತೊಂದರೆ ಅಲ್ಲ.

ನಮ್ಮ ಬಿಸಿಲಿಗೆ ಕ್ವಾರ್ಟ್ಜ್ ಕೂಡ ಸ್ವಲ್ಪ ಬಾಗುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಆ ಹರಳು 25 ಡಿಗ್ರಿ ಆಸುಪಾಸಿನಲ್ಲಿ ಸರಿಯಾಗಿರುತ್ತದೆ. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಮೇ ತಿಂಗಳಲ್ಲಿ ತಗಡಿನ ಕೆಳಗೆ 43 ಡಿಗ್ರಿಯಲ್ಲಿ ಇಡೀ ದಿನ ಬಿದ್ದಿದ್ದರೆ ಒಂದು ಸೆಕೆಂಡಿನಷ್ಟು ಹಿಂದೆ ಬೀಳಬಹುದು. ಕೈಯಲ್ಲಿದ್ದರೆ ಮೈಯ ಶಾಖವೇ ಅದನ್ನು ಕಾಯುತ್ತದೆ, ಅಷ್ಟು ಬೀಳುವುದಿಲ್ಲ.

ನನ್ನ ಕಷ್ಟ ಇರುವುದೇ ಈ 'ಕೈಯಲ್ಲಿದ್ದರೆ' ಅನ್ನುವ ಮಾತಿನಲ್ಲಿ. ಕೆಲಸಕ್ಕೆ ಕೂತರೆ ನಾನು ವಾಚ್ ಬಿಚ್ಚಿಡುತ್ತೇನೆ. ಕರೆಂಟ್ ಇರುವ ಟರ್ಮಿನಲ್ ಹತ್ತಿರ ಸ್ಟೀಲ್ ಚೈನ್ ಕಟ್ಟಿಕೊಂಡು ಕೈ ಹಾಕುವುದು ಹುಚ್ಚುತನ. ವಾರ್ನಿಷ್ ಹತ್ತಿದರಂತೂ ಬಿಡುವುದೇ ಇಲ್ಲ. ಹಾಗಾಗಿ ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ವಾಚ್ ಕೈಯಲ್ಲಿ. ಪೂರ್ತಿ ಬಿಗಿದ ಆಟೋಮ್ಯಾಟಿಕ್ 40 ಗಂಟೆಯ ಮೇಲೆ ಓಡುತ್ತದೆ ನಿಜ. ಆದರೆ ನನ್ನದು ಪೂರ್ತಿ ಬಿಗಿಯುವುದೇ ಅಪರೂಪ. ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿ ಮೂರಕ್ಕೆ ನಿಂತಿರುತ್ತಿತ್ತು. ಕೊನೆಗೆ ದಿನಾ ಮೂವತ್ತು ಸುತ್ತು ಕೀಲಿ ಕೊಡಲು ಶುರು ಮಾಡಿದೆ. ಅಪ್ಪನ ಜನತಾ ಇಟ್ಟುಕೊಂಡಿದ್ದರೆ ಸಾಕಿತ್ತು, ಅಲ್ವಾ?

ನಿಂತ ವಾಚಿಗೆ ತಾರೀಖು ಹಾಕುವುದೂ ಒಂದು ರಗಳೆ. ರಾತ್ರಿ ಒಂಬತ್ತರಿಂದ ಬೆಳಗಿನ ಮೂರು-ನಾಲ್ಕರವರೆಗೆ ತಾರೀಖಿನ ಚಕ್ರದ ಹಲ್ಲು ಕಚ್ಚಿಕೊಂಡಿರುತ್ತದೆ. ಆಗ ಬಲವಂತ ಮಾಡಿದರೆ ಹಲ್ಲು ಮುರಿಯಬಹುದು. ಮುಳ್ಳನ್ನು ಮೊದಲು ಆರರ ಕಡೆ ಇಳಿಸಿ, ಆಮೇಲೆ ತಾರೀಖು ತಿರುವಬೇಕು.

ಎರಡನೇ ವರ್ಷ ಒಂದು ವಿಚಿತ್ರ ನಡೆಯಿತು. ಎರಡೂ ವಾಚ್ ಒಟ್ಟಿಗೆ ಕೆಟ್ಟವು. ಕ್ವಾರ್ಟ್ಜ್ ಆಗಾಗ ಒಂದೆರಡು ಗಂಟೆ ಹಿಂದೆ ಇರುತ್ತಿತ್ತು. ಸೆಲ್ ಮುಗಿದಿದೆ ಅಂದುಕೊಂಡು ಬದಲಿಸಿದೆ. ಎರಡು ತಿಂಗಳಿಗೆ ಮತ್ತೆ ಅದೇ ಪಾಡು, ಮತ್ತೆ ಬದಲಿಸಿದೆ. ಎರಡನೇ ಸಲ ಬಸ್ ನಿಲ್ದಾಣದ ಹತ್ತಿರದ ಒಂದು ಅಂಗಡಿಯಲ್ಲಿ ಎಸ್‌ಆರ್626 ಬದಲು ಅದೇ ಅಳತೆಯ ಅಗ್ಗದ ಎಜಿ4 ಹಾಕಿದ್ದರು. ಅದು ಆಲ್ಕಲೈನ್, ಸೋರುವ ಜಾತಿ. ನನ್ನದೂ ಸೋರಿತು, ಯಂತ್ರಕ್ಕೆ ಹಸಿರು ಹಿಡಿಯಿತು. ಸೆಲ್ ಹಾಕಿಸುವಾಗ ಅದರ ಮೇಲೆ ಎಸ್‌ಆರ್ ಅಂತ ಇದೆಯೋ ಎಲ್‌ಆರ್ ಅಂತ ಇದೆಯೋ ನೋಡಿಕೊಳ್ಳಿ. ಎಲ್‌ಆರ್ ಅಂದರೆ ಆಲ್ಕಲೈನ್, ಎಸ್‌ಆರ್ ಅಂದರೆ ಸಿಲ್ವರ್ ಆಕ್ಸೈಡ್. ಬೆಲೆ ಸ್ವಲ್ಪ ಜಾಸ್ತಿ, ಆದರೆ ಈ ವಾಚಿಗೆ ಮೂರು ವರ್ಷದ ಹತ್ತಿರ ಬರುತ್ತದೆ.

ಆಟೋಮ್ಯಾಟಿಕ್ ಕಥೆ ಇದಕ್ಕೆ ಉಲ್ಟಾ. ದಿನಕ್ಕೆ 15 ಸೆಕೆಂಡ್ ಮುಂದೆ ಇದ್ದದ್ದು ಏಕಾಏಕಿ ಎಂಟು ನಿಮಿಷ ಮುಂದೆ ಓಡಲು ಶುರು ಮಾಡಿತು. ರಾಯಚೂರಿಗೆ ತಾಮ್ರದ ತಂತಿ ತರಲು ಹೋದಾಗ ಒಬ್ಬ ಹಳೆಯ ರಿಪೇರಿಯವರಿಗೆ ತೋರಿಸಿದೆ. ಅವರು ವಾಚ್ ಬಿಚ್ಚಲೇ ಇಲ್ಲ. ಪುಟ್ಟ ದಿಕ್ಸೂಚಿಯ ಪಕ್ಕ ಹಿಡಿದರು. ಮುಳ್ಳು ಗಿರ್ರನೆ ತಿರುಗಿತು.

"ತಮ್ಮಾ, ಇದನ್ನ ಯಾವುದರ ಬಾಜೂಕ ಇಡ್ತೀ?"

ಆಗ ಹೊಳೆಯಿತು. ಅಂಗಡಿ ಹುಡುಗ ಹಳೆ ಸ್ಪೀಕರಿನ ಮ್ಯಾಗ್ನೆಟ್ ತಂದು ಸ್ಕ್ರೂ ಚೆಲ್ಲದಿರಲಿ ಅಂತ ಡ್ರಾಯರ್‌ನಲ್ಲಿ ಇಟ್ಟಿದ್ದ. ನಾನು ವಾಚ್ ಬಿಚ್ಚಿ ಹಾಕುತ್ತಿದ್ದದ್ದೂ ಅದೇ ಡ್ರಾಯರ್‌ಗೆ. ಕ್ವಾರ್ಟ್ಜ್‌ನ ಮೋಟಾರ್ ಮ್ಯಾಗ್ನೆಟ್ ಪಕ್ಕ ಇರುವವರೆಗೆ ನಿಲ್ಲುತ್ತದೆ, ದೂರ ತಂದರೆ ಏನೂ ಆಗದವರಂತೆ ಮತ್ತೆ ಓಡುತ್ತದೆ. ಆಟೋಮ್ಯಾಟಿಕ್‌ನ ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್ ಹಾಗಲ್ಲ, ಅದೇ ಮ್ಯಾಗ್ನೆಟ್ ಆಗಿಬಿಡುತ್ತದೆ. ಸುರುಳಿಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗ್ ಗಿಡ್ಡವಾದಂತಾಗಿ ಚಕ್ರ ಬೇಗ ಬೇಗ ಬಡಿಯುತ್ತದೆ. ಇಪ್ಪತ್ತು ವರ್ಷದಿಂದ ಕಾಯಿಲ್ ಸುತ್ತುವ ನನಗೆ ಇದು ಹೊಳೆಯಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ಅವರು ನೀಲಿ ಡಬ್ಬಿಯೊಂದರ ಗುಂಡಿ ಒತ್ತಿ, ವಾಚನ್ನು ಅದರ ಮೇಲೆ ಹಿಡಿದು, ನಿಧಾನವಾಗಿ ಮೇಲೆ ಎತ್ತಿಕೊಂಡು ಹೋದರು. ಎರಡು ಸಲ, ಅಷ್ಟೇ, ಸ್ಪ್ರಿಂಗ್‌ನ ಮ್ಯಾಗ್ನೆಟ್ ಗುಣ ಹೋಯಿತು. ಡಬ್ಬಿಯಲ್ಲಿ ಇದ್ದದ್ದು ಎಸಿ ಕರೆಂಟ್ ಹರಿಯುವ ಒಂದು ಕಾಯಿಲ್! ಐವತ್ತು ರೂಪಾಯಿ ತೊಗೊಂಡರು. ಮೊಬೈಲಿನ ದಿಕ್ಸೂಚಿಯಿಂದಲೂ ಈ ಪರೀಕ್ಷೆ ಮಾಡಬಹುದು ಅಂತ ಆಮೇಲೆ ಗೊತ್ತಾಯಿತು.

ಕ್ವಾರ್ಟ್ಜ್‌ಗೆ ಹೊಸ ಯಂತ್ರ ಹಾಕಿಸಿದೆ. ರಿಪೇರಿಗಿಂತ ಅದೇ ಅಗ್ಗ. ಕೆಲಸದ ದಿನಕ್ಕೆ ನನ್ನ ಆಯ್ಕೆ ಅದೇ, ಅನುಮಾನವೇ ಇಲ್ಲ. ಮೂರು ದಿನ ಮೊಳೆಗೆ ನೇತು ಹಾಕಿದ್ದರೂ ಟೈಮ್ ತೋರಿಸುತ್ತದೆ. ನಿಮ್ಮದೂ ಬಿಚ್ಚಿಡುವ ಕೆಲಸವಾಗಿದ್ದರೆ ಆಟೋಮ್ಯಾಟಿಕ್‌ಗೆ ದುಡ್ಡು ಹಾಕಬೇಡಿ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿಸುವ ಖರ್ಚು ಬೇರೆ ಇದೆ.

ಆಟೋಮ್ಯಾಟಿಕ್ ಕೆಟ್ಟದ್ದು ಅಂತ ಮಾತ್ರ ಹೇಳಲಾರೆ. ನನ್ನ ತಮ್ಮ ಬಸ್ ಕಂಡಕ್ಟರ್, ಸಿಂಧನೂರು–ಬಳ್ಳಾರಿ ಓಡಾಟ. ಟಿಕೆಟ್ ಕೊಡುವುದು, ಕಂಬಿ ಹಿಡಿಯುವುದು, ರೈಟ್ ಅಂತ ಬಡಿಯುವುದು, ಅವನ ಕೈಗೆ ಬಿಡುವೇ ಇಲ್ಲ. ಒಂದು ತಿಂಗಳು ಕಟ್ಟಿ ನೋಡು ಅಂತ ಕೊಟ್ಟೆ. ಒಂದು ದಿನವೂ ನಿಲ್ಲಲಿಲ್ಲ. ಕೀಲಿಯನ್ನು ಅವನು ಮುಟ್ಟೇ ಇಲ್ಲ.

ಕೊಟ್ಟು ಏಳು ತಿಂಗಳಾಯಿತು. ಮೊನ್ನೆ ಕೇಳಿದೆ. "ಇನ್ನೊಂದು ತಿಂಗಳು ನೋಡಿ ಹೇಳ್ತೀನಿ ತಡಿ ಅಣ್ಣಾ" ಅಂದ.