ನೆಟ್‌ವರ್ಕಿಂಗ್ ಕೋರ್ಸಿಗೆ ಸಹಿ ಹಾಕುವ ಮೊದಲು ಆ ರ‍್ಯಾಕಿನ ಕರೆಂಟ್ ವಯರ್ ನೋಡಿ

ಮಂಗಳೂರಿನಲ್ಲಿ ಸಿಸಿಎನ್ಎ (ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋ ಕಂಪನಿಯ ಸರ್ಟಿಫಿಕೇಟ್ ಪರೀಕ್ಷೆ) ಕಲಿಯಲು ಹೊರಟವರು ಇದನ್ನೊಮ್ಮೆ ಓದಿ. ಸಂಸ್ಥೆಯ ಹೆಸರು ಹಾಕುವುದಿಲ್ಲ, ಕಮೆಂಟಲ್ಲೂ ಕೇಳಬೇಡಿ. ಇಂಥವರು ಬೋರ್ಡ್ ಬದಲಾಯಿಸಿ ಇನ್ನೊಂದು ಹೆಸರಲ್ಲಿ ಕೂರಲು ಒಂದು ವಾರ ಸಾಕು. ಆಟ ಹೇಗೆ ಅಂತ ಗೊತ್ತಿದ್ದರೆ ಹೆಸರು ಬೇಕಾಗುವುದಿಲ್ಲ.

ನಾನು ಬಿಕಾಂ ಮುಗಿಸಿದವ, ಮನೆ ಕಾಪು ಕಡೆ. ಆಸ್ಪತ್ರೆ, ಕಾಲೇಜು, ಸೊಸೈಟಿ, ಹೋಟೆಲು, ಎಲ್ಲ ಕಡೆ ನೆಟ್‌ವರ್ಕ್ ನೋಡಿಕೊಳ್ಳುವವರು ಬೇಕು ಅಂತ ಯಾರೋ ಹೇಳಿದ್ದರು. ಅದು ಸುಳ್ಳಲ್ಲ. ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಹೋಗಿ ವಿಚಾರಿಸಿದೆ. ಅವರ ಕೌನ್ಸೆಲಿಂಗ್ ರೂಮಿನಲ್ಲಿ ಗಾಜಿನ ಬಾಗಿಲಿನ ರ‍್ಯಾಕ್ ಒಂದು. ಅದರೊಳಗೆ ನಾಲ್ಕು ಸಿಸ್ಕೋ ಸ್ವಿಚ್ಚು (ಕಚೇರಿಯ ಕಂಪ್ಯೂಟರುಗಳನ್ನು ಕೇಬಲ್ಲಿನಲ್ಲಿ ಜೋಡಿಸುವ ಪೆಟ್ಟಿಗೆ), ಎರಡು ರೌಟರು, ನೀಲಿ ಹಳದಿ ಕೇಬಲ್ಲು ಎಣ್ಣೆ ಹಚ್ಚಿ ಹೆಣೆದ ಜಡೆಯ ಹಾಗೆ. ಅದನ್ನು ನೋಡಿಯೇ ನಾನು ಅರ್ಧ ಬಿದ್ದೆ. "ಲ್ಯಾಬ್ ಪೂರಾ ರಿಯಲ್ ಡಿವೈಸಲ್ಲೇ, 100% ಪ್ಲೇಸ್‌ಮೆಂಟ್" ಅಂದರು ಮೇಡಂ. ಆರು ತಿಂಗಳಿಗೆ 66,000 ರೂಪಾಯಿ. ನಾನು ಮುಖ ಸಣ್ಣ ಮಾಡಿದ್ದು ಕಂಡಿರಬೇಕು. "ಒಟ್ಟಿಗೆ ಬೇಡ, ತಿಂಗಳಿಗೆ 5,500 ಕಟ್ಟಿದರೆ ಆಯ್ತು, ಬಡ್ಡಿ ಇಲ್ಲ" ಅಂದರು. ಆಧಾರ್, ಪ್ಯಾನ್ ಕೊಟ್ಟೆ, ಟ್ಯಾಬಿನ ಮೇಲೆ ಬೆರಳಲ್ಲಿ ಸಹಿ ಗೀಚಿದೆ, ಮೊಬೈಲಿಗೆ ಬಂದ ಓಟಿಪಿ ಹೇಳಿದೆ. ಹತ್ತು ನಿಮಿಷದ ಕೆಲಸ.

ಕ್ಲಾಸು ನಡೆದದ್ದು ಬೇರೆ ರೂಮಿನಲ್ಲಿ, ಪ್ಯಾಕೆಟ್ ಟ್ರೇಸರ್ ಮೇಲೆ, ಅಂದರೆ ಕಂಪ್ಯೂಟರಿನಲ್ಲೇ ನಕಲಿ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರಿನಲ್ಲಿ. ಅದು ಕೆಟ್ಟದ್ದಲ್ಲ, ಕಲಿಯುವವನಿಗೆ ಒಳ್ಳೆಯದೇ. ಆದರೆ ಸಿಸ್ಕೋದವರು ತಮ್ಮ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಅದನ್ನು ಪುಕ್ಕಟೆ ಕೊಡುತ್ತಾರೆ, ಮನೆಯಲ್ಲಿ ಕೂತೂ ಮಾಡಬಹುದು. ರ‍್ಯಾಕ್ ಯಾವಾಗ ಅಂತ ಕೇಳಿದರೆ "ಮುಂದಿನ ಮಾಡ್ಯೂಲಲ್ಲಿ ಉಂಟು" ಅನ್ನುತ್ತಿದ್ದರು. ಮೂರನೇ ತಿಂಗಳು ಒಂದು ದಿನ ಫೀಸಿನ ರಶೀದಿಗೆ ಕಾಯುತ್ತಿದ್ದಾಗ ಸುಮ್ಮನೆ ರ‍್ಯಾಕಿನ ಹಿಂದೆ ಬಗ್ಗಿ ನೋಡಿದೆ. ಆರೂ ಪವರ್ ಕೇಬಲ್ಲುಗಳನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಆ ಗೋಡೆಯಲ್ಲಿ ಪ್ಲಗ್ ಪಾಯಿಂಟೇ ಇರಲಿಲ್ಲ.

ಕಲಿಸಿದ ಪಾಠವೂ ಹಳೆಯದು. ಈಗಿನ ಸಿಸಿಎನ್ಎ ಪರೀಕ್ಷೆಯ ಸಂಖ್ಯೆ 200-301, ಶುರುವಾದದ್ದು 2020ರ ಫೆಬ್ರವರಿಯಲ್ಲಿ. ಅದರಲ್ಲಿ ರೌಟಿಂಗ್ ಪ್ರೋಟೋಕಾಲ್ (ರೌಟರುಗಳು ದಾರಿ ಹುಡುಕುವ ನಿಯಮ) ಕಾನ್ಫಿಗರ್ ಮಾಡುವುದು ಅಂದರೆ ಮುಖ್ಯವಾಗಿ ಓಎಸ್‌ಪಿಎಫ್. ಜೊತೆಗೆ ವೈರ್‌ಲೆಸ್, ಸೆಕ್ಯುರಿಟಿ, ಜೇಸನ್ (ಡೇಟಾ ಬರೆಯುವ ಒಂದು ರೂಪ), ಆಟೊಮೇಷನ್ ಅಂತ ಹೊಸ ವಿಷಯಗಳು ಉಂಟು. ನಮ್ಮ ಸರ್ ಒಂದೂವರೆ ತಿಂಗಳು ತೆಗೆದದ್ದು ರಿಪ್, ಈಐಜಿಆರ್‌ಪಿ ಎಂಬ ಬೇರೆ ಪ್ರೋಟೋಕಾಲುಗಳು, ಮತ್ತೆ ದೂರದ ಕಚೇರಿಗಳನ್ನು ಜೋಡಿಸುತ್ತಿದ್ದ ಹಳೆಯ ಕಾಲದ ಫ್ರೇಮ್ ರಿಲೇ. ಫ್ರೇಮ್ ರಿಲೇ! ಸಿಸ್ಕೋದ ಸೈಟಿನಲ್ಲಿ ಪರೀಕ್ಷೆಯ ವಿಷಯಪಟ್ಟಿ ಯಾರು ಬೇಕಾದರೂ ಓದಬಹುದು. ನಾನು ಓದಿದ್ದು ಕೋರ್ಸು ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ಸರ್ ಕೂಡ ಕೆಲಸ ಬಿಟ್ಟು ಹೋಗಿದ್ದರು. ಆಮೇಲೆ ಬಂದದ್ದು ರೆಕಾರ್ಡ್ ಮಾಡಿದ ವಿಡಿಯೋ, ವಾಟ್ಸಾಪ್ ಗ್ರೂಪಿನಲ್ಲಿ ಡಂಪ್ಸ್ (ಪರೀಕ್ಷೆಯಿಂದ ಕದ್ದ ಪ್ರಶ್ನೆ-ಉತ್ತರ) ಪಿಡಿಎಫ್. ಡಂಪ್ಸ್ ಬಾಯಿಪಾಠ ಮಾಡಿ ಪಾಸಾದರೆ ಸರ್ಟಿಫಿಕೇಟ್ ರದ್ದು ಮಾಡುವ ನಿಯಮ ಸಿಸ್ಕೋದಲ್ಲಿ ಉಂಟು. ಅದನ್ನು ಯಾರೂ ಹೇಳಲಿಲ್ಲ.

ಕೊನೆಗೆ ಕೊಟ್ಟ "ಸರ್ಟಿಫಿಕೇಟ್" ಅವರದ್ದೇ, ಕಲರ್ ಪ್ರಿಂಟ್. ಸಿಸ್ಕೋದ್ದು ಬೇಕಾದರೆ ಪಿಯರ್ಸನ್ ವ್ಯೂ ಎಂಬ ಪರೀಕ್ಷೆ ನಡೆಸುವ ಕಂಪನಿಯ ಮೂಲಕ ಪರೀಕ್ಷೆ ಬರೆಯಬೇಕು, 300 ಡಾಲರ್, ಮೇಲೆ ತೆರಿಗೆ. 66,000ದಲ್ಲಿ ಅದು ಸೇರಿಲ್ಲ. ಪ್ಲೇಸ್‌ಮೆಂಟ್ ಅಂದರೆ ಬೆಂಗಳೂರಿನ ಒಂದು ಕಾಲ್ ಸೆಂಟರಿನ ಇಂಟರ್‌ವ್ಯೂ ಲಿಂಕು.

ಕೆಲಸ ನಾನೇ ಹುಡುಕಿಕೊಂಡೆ, ಉಡುಪಿಯಲ್ಲಿ ಕಂಪ್ಯೂಟರ್, ಸಿಸಿಟಿವಿ ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ) ತೆಗೆದುಕೊಳ್ಳುವವರ ಹತ್ತಿರ. ಎರಡನೇ ವಾರ ಒಂದು ಸೊಸೈಟಿಯ ಕಚೇರಿಗೆ ಪ್ರಿಂಟರ್ ನೋಡಲು ಕಳಿಸಿದರು. ಮೇಜಿನ ಕೆಳಗೆ ಒಂದು ಕೇಬಲ್ಲಿನ ತುದಿ ನೇತಾಡುತ್ತಿತ್ತು. ಯಾರೋ ಕಾಲು ತಾಗಿ ಕಿತ್ತಿರಬೇಕು ಅಂತ ಸ್ವಿಚ್ಚಿನ ಖಾಲಿ ಪೋರ್ಟಿಗೆ ಚುಚ್ಚಿದೆ. ಒಂದು ನಿಮಿಷ ಆಗಿಲ್ಲ, ಸ್ವಿಚ್ಚಿನ ಹಸಿರು ಲೈಟುಗಳೆಲ್ಲ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿನುಗತೊಡಗಿದವು. ಕೌಂಟರಿನಲ್ಲಿ ಸಿಸ್ಟಂ ನಿಂತಿತು. ಪಿಗ್ಮಿ ದುಡ್ಡು ಕಟ್ಟಲು ಬಂದವರು, ಚಿನ್ನ ಬಿಡಿಸಲು ಬಂದವರು, ಹತ್ತಿಪ್ಪತ್ತು ಜನ ನನ್ನನ್ನೇ ನೋಡುತ್ತಿದ್ದರು. ನಾನು ಪಿಂಗ್ ಮಾಡಿದೆ, ಐಪಿ ನೋಡಿದೆ, ರೌಟರ್ ಆಫ್ ಮಾಡಿ ಆನ್ ಮಾಡಿದೆ. ಮುಕ್ಕಾಲು ಗಂಟೆಯ ಮೇಲೆ ನಮ್ಮ ಸೀನಿಯರ್ ಅಣ್ಣ ಬೈಕಲ್ಲಿ ಬಂದರು. ಸ್ವಿಚ್ಚನ್ನು ನೋಡಿದ ಕೂಡಲೇ ನಾನು ಚುಚ್ಚಿದ ಕೇಬಲ್ ಎಳೆದರು. ಎಲ್ಲ ಸರಿಯಾಯಿತು.

"ಎಂತ ಮಾರಾಯ, ಎರಡೂ ತುದಿ ಒಂದೇ ಸ್ವಿಚ್ಚಿಗೆ ಹಾಕಿದ್ದೀಯ. ಲೂಪ್ ಅಂದರೆ ಕಲಿಸಲಿಲ್ವಾ?"

ಕಲಿಸಿದ್ದರು. ಸ್ಪ್ಯಾನಿಂಗ್ ಟ್ರೀ ಬಗ್ಗೆ ನನ್ನ ನೋಟ್ಸಿನಲ್ಲಿ ನಾಲ್ಕು ಪುಟ ಉಂಟು. ಒಳ್ಳೆಯ ಸ್ವಿಚ್ಚಿನಲ್ಲಿ ಅದು ಲೂಪನ್ನು ತಾನೇ ಕಡಿಯುತ್ತದೆ. ಸೆಟ್ಟಿಂಗ್ ಮಾಡಲಾಗದ ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಬ್ರಾಡ್‌ಕಾಸ್ಟ್ (ಎಲ್ಲ ಕಂಪ್ಯೂಟರಿಗೂ ಹೋಗುವ ಸಂದೇಶ) ಸುತ್ತುತ್ತಲೇ ಇರುತ್ತದೆ. ಆದರೆ ಆ ಲೈಟು ಹಾಗೆ ಮಿನುಗಿದರೆ ಏನರ್ಥ ಅಂತ ಕಣ್ಣಿಗೆ ಗೊತ್ತಿರಲಿಲ್ಲ. ಅದೇ ವಾರ ಅಣ್ಣ ನನಗೆ ಕ್ರಿಂಪಿಂಗ್, ಅಂದರೆ ಕೇಬಲ್ಲಿನ ತುದಿಗೆ ಜ್ಯಾಕ್ ಒತ್ತಿ ಕೂರಿಸುವುದನ್ನು ಕೂಡ ಕಲಿಸಿದರು. ಒಳಗಿನ ಎಂಟು ವಯರಿನ ಸಾಲು: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೊದಲ ಹತ್ತು ಜ್ಯಾಕ್ ಹಾಳು ಮಾಡಿದೆ. ಆರು ತಿಂಗಳಲ್ಲಿ ಒಮ್ಮೆಯೂ ಆ ಟೂಲ್ ಕೈಗೆ ಕೊಟ್ಟಿರಲಿಲ್ಲ ಅಂದರೆ ಅವರು ನಂಬಲಿಲ್ಲ.

ಇನ್ನು ದುಡ್ಡಿನ ಕತೆ, ಮುಖ್ಯವಾಗಿ ಇದನ್ನು ಹೇಳಲಿಕ್ಕೇ ಬರೆದದ್ದು. ಸರ್ ಬಿಟ್ಟು ಹೋದಾಗ ನಾನು ಕಂತು ನಿಲ್ಲಿಸುತ್ತೇನೆ ಅಂದೆ. "ಅದು ನಮಗೆ ಸಂಬಂಧ ಇಲ್ಲ, ಫೈನಾನ್ಸಿನವರ ಹತ್ತಿರ ಮಾತಾಡಿ" ಅಂದರು. ಯಾವ ಫೈನಾನ್ಸು? ಆಗ ಗೊತ್ತಾದದ್ದು, ನಾನು ಸಹಿ ಹಾಕಿದ್ದು ಫೀಸಿನ ಕಂತಿಗೆ ಅಲ್ಲ, ಸಾಲಕ್ಕೆ. ಪೂರ್ತಿ ದುಡ್ಡು ಮೊದಲ ವಾರವೇ ಸಂಸ್ಥೆಗೆ ಹೋಗಿ ಆಗಿತ್ತು. ಕ್ಲಾಸು ನಡೆದರೂ ಬಿಟ್ಟರೂ ಸಾಲ ನನ್ನದು. ಒಂದು ಕಂತು ತಪ್ಪಿದ್ದಕ್ಕೆ ಅಮ್ಮನ ಫೋನಿಗೆ ಕರೆ ಬಂತು, ರೆಫರೆನ್ಸ್ ಅಂತ ನಾನೇ ಅವರ ನಂಬರ್ ಕೊಟ್ಟಿದ್ದೆ. ಸಿಬಿಲ್ ಸ್ಕೋರ್ ಇಳಿಯಿತು.

ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮದ ಪ್ರಕಾರ, ಸಾಲ ಕೊಡುವವರು ಕಂಪನಿಯ ಹೆಸರು, ಬಡ್ಡಿ, ಎಲ್ಲ ಇರುವ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಬೇಕು. ದಂಡ ಇಲ್ಲದೆ ಸಾಲದಿಂದ ಹೊರಬರಲು ಕೂಲಿಂಗ್ ಆಫ್ ದಿನಗಳೂ ಇರಬೇಕು. ನನಗೂ ಆ ಸ್ಟೇಟ್‌ಮೆಂಟ್ ಬಂದಿತ್ತು, ಜೀಮೇಲಿನ ಪ್ರೊಮೋಷನ್ಸ್ ಟ್ಯಾಬಿನಲ್ಲಿ. ಆ ದಿನಗಳಲ್ಲಿ ನಾನು ರ‍್ಯಾಕಿನ ಫೋಟೋ ಸ್ಟೇಟಸ್ ಹಾಕುತ್ತಿದ್ದೆ. ಹಾಗಾಗಿ ಟ್ಯಾಬ್ ಮುಂದಿಟ್ಟರೆ ಸಾಲ ಕೊಡುವವರು ಯಾರು ಅಂತ ಬಾಯಿ ಬಿಟ್ಟು ಕೇಳಿ, ಅಲ್ಲಿಯವರೆಗೆ ಓಟಿಪಿ ಹೇಳಬೇಡಿ. ರ‍್ಯಾಕ್ ತೋರಿಸಿದರೆ "ಈಗ ಆನ್ ಮಾಡಿ, ಕನ್ಸೋಲ್ ಕೇಬಲ್ ಹಾಕಿ ಲಾಗಿನ್ ತೋರಿಸಿ" ಅನ್ನಿ. ನಿಜವಾದ ಲ್ಯಾಬ್ ಇದ್ದವರಿಗೆ ಅದು ಐದು ನಿಮಿಷದ ಕೆಲಸ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಸಂಸ್ಥೆಯಿಂದ ಉತ್ತರ ಬಂತು: ಮುಂದಿನ ಬ್ಯಾಚಿನಲ್ಲಿ ಉಚಿತವಾಗಿ ಇನ್ನೊಮ್ಮೆ ಕೂರಬಹುದಂತೆ. ಅದೇ ಫ್ರೇಮ್ ರಿಲೇ ಎರಡನೇ ಸಲ. ನಾನು ಹೋಗಲಿಲ್ಲ. ಈಗ ಅಣ್ಣ ಯಾವುದೋ ಕಚೇರಿಯಿಂದ ಬಿಚ್ಚಿ ತಂದ ಹಳೆಯ ಸಿಸ್ಕೋ 2960 ಸ್ವಿಚ್ಚು ಒಂದು ಮನೆಯಲ್ಲಿ ಉಂಟು, ರಾತ್ರಿ ಅದರಲ್ಲಿ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ನೆಟ್‌ವರ್ಕ್) ಮಾಡಿ ಅಳಿಸಿ ಕೂರುತ್ತೇನೆ. ಅದರ ಫ್ಯಾನಿನ ಸದ್ದಿಗೆ ಅಮ್ಮ ಬೈಯುತ್ತಾರೆ. ಸಾಲದ ಎರಡು ಕಂತು ಬಾಕಿ ಉಂಟು, 5ನೇ ತಾರೀಕಿಗೆ ಅಕೌಂಟಿನಲ್ಲಿ 5,500 ಇರಬೇಕು.