ತಪ್ಪಿದ್ದು ಯಾವ ಸಾಲಿನಲ್ಲಿ? ಕ್ಯಾಸಿಯೋ ಎಫ್‌ಎಕ್ಸ್-991ಇಎಸ್ ಪ್ಲಸ್‌ನ ∫ ಕೀಲಿ

417 ಫಂಕ್ಷನ್‌ಗಳಿರುವ ಈ ಕ್ಯಾಲ್ಕುಲೇಟರ್‌ನ ಒಂದೇ ಒಂದು ಕೀಲಿಯ ವಿಮರ್ಶೆ ಇದು. ಪಿಯುಸಿ, ಬಿಎಸ್‌ಸಿ, ಎಂಜಿನಿಯರಿಂಗ್ ಹುಡುಗರು ∫ (ಅನುಕಲನ, ಅಂದರೆ ಇಂಟಿಗ್ರೇಷನ್) ಒತ್ತುವುದು ಸಾಮಾನ್ಯವಾಗಿ ಲೆಕ್ಕ ಮುಗಿದ ಮೇಲೆ, ಕೊನೆಯ ಉತ್ತರ ತಾಳೆ ನೋಡಲು. ತಾಳೆಯಾಗದಿದ್ದರೆ ಇಡೀ ಲೆಕ್ಕ ಹೊಡೆದುಹಾಕಿ ಮತ್ತೆ ಮೊದಲಿಂದ ಶುರು. ಅಷ್ಟು ಶ್ರಮ ಬೇಕಿಲ್ಲ. ತ್ರಿಕೋನಮಿತಿಯ ನಿಶ್ಚಿತ ಅನುಕಲದಲ್ಲಿ (ಎರಡು ಲಿಮಿಟ್‌ಗಳ ನಡುವಿನ ಇಂಟಿಗ್ರಲ್‌ನಲ್ಲಿ) ಯಾವ ಸಾಲು ಕೆಟ್ಟಿತು ಅನ್ನುವುದನ್ನೂ ಇದೇ ಕೀಲಿ ತೋರಿಸಿಕೊಡುತ್ತದೆ.

ಮೊದಲು ಯಂತ್ರವನ್ನು ರೇಡಿಯನ್‌ಗೆ ತರಬೇಕು: ಶಿಫ್ಟ್, ಮೋಡ್, ಆಮೇಲೆ 4. ಪರೀಕ್ಷೆಗೆ ಸೈನ್ ಎಕ್ಸ್ ಅನ್ನು 0 ಇಂದ π ವರೆಗೆ ಹಾಕಿ ನೋಡಿ. 2 ಬಂದರೆ ಸರಿ. 0.0861 ಬಂದರೆ ಯಂತ್ರ ಇನ್ನೂ ಡಿಗ್ರಿಯಲ್ಲೇ ಇದೆ, π ಅನ್ನು 3.14 ಡಿಗ್ರಿ ಎಂದು ಓದುತ್ತಿದೆ. ಇದಕ್ಕೆ ಯಾವ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ, ಮೂಲೆಯ ಪುಟ್ಟ 'ಡಿ' ಅಕ್ಷರವೊಂದೇ ಸುಳಿವು. ಇನ್ನೊಂದು, ಸೈನ್ ಒತ್ತಿದ ಕೂಡಲೇ ಕಂಸ ತಾನಾಗಿ ತೆರೆದುಕೊಳ್ಳುತ್ತದೆ. ವರ್ಗ ಹಾಕಬೇಕಾದ್ದು ಕಂಸ ಮುಚ್ಚಿದ ಮೇಲೆ. ಒಳಗೇ ಹಾಕಿದರೆ ಸೈನ್‌ನ ವರ್ಗ ಹೋಗಿ ಎಕ್ಸ್ ವರ್ಗದ ಸೈನ್ ಆಗುತ್ತದೆ.

ಲಾಗ್ ಕೀಲಿಯದು ಬೇರೆಯೇ ತಕರಾರು. ಪಠ್ಯಪುಸ್ತಕದ ಲಾಗ್ ಅಂದರೆ ಸಹಜ ಲಾಗ್, ಯಂತ್ರದ ಲಾಗ್‌ಗೆ ಆಧಾರ 10. ಪಿಯುಸಿಯಲ್ಲಿ ಎಲ್ಲರೂ ಮಾಡುವ ಲಾಗ್(1 + ಟ್ಯಾನ್ ಎಕ್ಸ್), 0 ಇಂದ π/4, ಇದರ ಉತ್ತರ (π/8) ಲಾಗ್ 2, ಅಂದರೆ 0.2722. ಲಾಗ್ ಕೀಲಿ ಒತ್ತಿದವರಿಗೆ 0.1182 ಕಾಣಿಸುತ್ತದೆ, ಸರಿಯಾಗಿ ಮಾಡಿದ ಲೆಕ್ಕವನ್ನೇ ಅನುಮಾನಿಸುತ್ತಾರೆ. ಒತ್ತಬೇಕಾದ್ದು 'ಎಲ್‌ಎನ್'.

ಇನ್ನು ತಪ್ಪು ಹುಡುಕುವ ಕ್ರಮ. ಸರಿಯಾದ ಬಿಡಿಸುವಿಕೆಯಲ್ಲಿ ಪ್ರತಿ ಸಾಲಿನ ಬೆಲೆಯೂ ಒಂದೇ ಇರಬೇಕು. ಹಾಗಾಗಿ ಪ್ರಶ್ನೆಯ ಬೆಲೆ ಬರೆದಿಟ್ಟುಕೊಂಡು ನಡುವಿನ ಸಾಲೊಂದನ್ನು ಯಂತ್ರಕ್ಕೆ ಕೊಡಿ. ಹೊರಗಿರುವ ಗುಣಕ, ಹೊಸ ಲಿಮಿಟ್ ಎಲ್ಲ ಸೇರಿಸಿಯೇ. ಬೆಲೆ ಒಂದೇ ಇದ್ದರೆ ತಪ್ಪು ಕೆಳಗಿನ ಅರ್ಧದಲ್ಲಿದೆ, ಬೇರೆಯಾದರೆ ಮೇಲಿನ ಅರ್ಧದಲ್ಲಿ. ಎಂಟು ಸಾಲಿನ ಲೆಕ್ಕಕ್ಕೆ ಮೂರು ಸಲ ಒತ್ತಿದರೆ ಸಾಕು. ಎಡ ಬಾಣ ಒತ್ತಿದರೆ ಹಿಂದಿನ ಸೂತ್ರ ತಿದ್ದಲು ಸಿಗುತ್ತದೆ, ಪೂರ್ತಿ ಮತ್ತೆ ಟೈಪಿಸಬೇಕಿಲ್ಲ.

√(1 + ಕಾಸ್ 2ಎಕ್ಸ್) ಅನ್ನು 0 ಇಂದ π ವರೆಗೆ ತೆಗೆದುಕೊಳ್ಳಿ. ಯಂತ್ರ ಹೇಳುವುದು 2.8284. ಮುಂದಿನ ಸಾಲಿನಲ್ಲಿ √2 ಕಾಸ್ ಎಕ್ಸ್ ಎಂದು ಬರೆದಿದ್ದರೆ ಅದರ ಬೆಲೆ ಸೊನ್ನೆ. ಕಳ್ಳ ಸಿಕ್ಕಿಬಿದ್ದ. π/2 ದಾಟಿದ ಮೇಲೆ ಕಾಸ್ ಋಣವಾಗುತ್ತದೆ, ವರ್ಗಮೂಲ ಋಣವಾಗುವುದಿಲ್ಲ. ಅಲ್ಲಿ ಇರಬೇಕಾದ್ದು ಕಾಸ್ ಎಕ್ಸ್‌ನ ನಿರಪೇಕ್ಷ ಬೆಲೆ. ಶಿಫ್ಟ್ ಮತ್ತು ಹೈಪ್ ಒತ್ತಿ ಆ ಗೆರೆಗಳನ್ನು ಹಾಕಿದರೆ 2.8284 ವಾಪಸ್ ಬರುತ್ತದೆ.

ಇದಕ್ಕಿಂತ ಜಾಣ ತಪ್ಪೊಂದಿದೆ. 1/(5 + 4 ಕಾಸ್ ಎಕ್ಸ್), 0 ಇಂದ 2π. ಅರ್ಧಕೋನದ ಆದೇಶ, ಅಂದರೆ ಟಿ = ಟ್ಯಾನ್(ಎಕ್ಸ್/2), ಹಾಕಿದರೆ ಸಿಗುವ ಪ್ರತಿ-ಅವಕಲಜ, ಅಂದರೆ ಅವಕಲಿಸಿದರೆ ಮೂಲ ಫಂಕ್ಷನ್ ಕೊಡುವಂಥದ್ದು, (2/3) ಟ್ಯಾನ್⁻¹(ಟ್ಯಾನ್(ಎಕ್ಸ್/2)/3). ಎರಡೂ ಲಿಮಿಟ್ ಹಾಕಿದರೆ ಸೊನ್ನೆ. ಆದರೆ ಕೊಟ್ಟಿರುವ ಫಂಕ್ಷನ್ ಎಲ್ಲಿಯೂ 1/9ಕ್ಕಿಂತ ಕಡಿಮೆಯಾಗುವುದಿಲ್ಲ, ಸೊನ್ನೆ ಬರುವ ಪ್ರಶ್ನೆಯೇ ಇಲ್ಲ. ಯಂತ್ರದ ಉತ್ತರ 2.0944, ಅಂದರೆ 2π/3. ಪ್ರತಿ-ಅವಕಲಜವೇ ತಪ್ಪಿರಬಹುದೇ? ಶಿಫ್ಟ್ ಜೊತೆ ∫ ಒತ್ತಿದರೆ ಅವಕಲನ (ಡಿಫರೆನ್ಶಿಯೇಷನ್) ಬರುತ್ತದೆ. ಎಕ್ಸ್ = 1ರಲ್ಲಿ ಅದು 0.1396 ಕೊಡುತ್ತದೆ, ಮೂಲ ಫಂಕ್ಷನ್ನಿನ ಬೆಲೆಯೂ ಅಷ್ಟೇ. ಎಕ್ಸ್ = 4ರಲ್ಲಿ ಎರಡೂ 0.4192. ಪ್ರತಿ-ಅವಕಲಜದಲ್ಲಿ ದೋಷವಿಲ್ಲ, ದೋಷವಿರುವುದು π ಹತ್ತಿರ. ಅಲ್ಲಿ ಅದು π/3 ಇಂದ −π/3ಕ್ಕೆ ಒಮ್ಮೆಲೇ ಕುಸಿಯುತ್ತದೆ, ಕುಸಿದದ್ದು ಸರಿಯಾಗಿ 2π/3. ಕಳೆದುಹೋದ ಉತ್ತರ ಪೂರ್ತಿ ಅಲ್ಲೇ ಇದೆ! 0 ಇಂದ π ವರೆಗೆ ಮಾಡಿ ಎರಡರಿಂದ ಗುಣಿಸಿದರೆ ಲೆಕ್ಕ ಸರಿಹೋಗುತ್ತದೆ. ಹಾಗೆ ಮಾಡುವಾಗ ಹೊಸ ಲಿಮಿಟ್ ಅನಂತವಾಗುತ್ತದೆ. ಯಂತ್ರದಲ್ಲಿ ಅನಂತದ ಕೀಲಿ ಇಲ್ಲ. 4/(9 + ಟಿ²) ಅನ್ನು 0 ಇಂದ 100 ವರೆಗೆ ಹಾಕಿದರೆ 2.0544 ಬರುತ್ತದೆ. ಕಡಿಮೆಯಾದ ಆ 0.04 ಎಂಬುದು 100ರ ಆಚೆಯ ಬಾಲದಲ್ಲಿ ಉಳಿದದ್ದು, ನಿಮ್ಮ ತಪ್ಪಲ್ಲ. ಅಂದಹಾಗೆ, ಚರಾಕ್ಷರ ಟಿ ಆಗಿದ್ದರೂ ಯಂತ್ರಕ್ಕೆ ಎಕ್ಸ್ ಎಂದೇ ಕೊಡಬೇಕು.

ಅಷ್ಟು ಪುರುಸೊತ್ತಿಲ್ಲದಿದ್ದರೆ ನಿಮ್ಮ ಉತ್ತರವನ್ನು ಯಂತ್ರದ ಉತ್ತರದಿಂದ ಭಾಗಿಸಿ ನೋಡಿ. −1 ಬಂದರೆ ಚಿಹ್ನೆ ತಪ್ಪಿದೆ, ಸೈನ್ ಅನುಕಲಿಸಿದಾಗ ಬರುವ −ಕಾಸ್ ಮತ್ತು ಕೆಳಲಿಮಿಟ್ಟಿನ ಕಳೆಯುವ ಚಿಹ್ನೆ ಎರಡನ್ನೂ ನೋಡಿ. ಕಾಸ್ 3ಎಕ್ಸ್ ಇರುವ ಲೆಕ್ಕದಲ್ಲಿ 3 ಬಂದರೆ ಭಾಗಿಸುವುದು ಮರೆತಿದೆ, 9 ಬಂದರೆ ಭಾಗಿಸುವ ಬದಲು ಗುಣಿಸಲಾಗಿದೆ. ಸೈನ್‌ನ 6ನೇ ಘಾತ, 0 ಇಂದ π/2: ಸರಿಯುತ್ತರ 0.4909. 0.3125 ಬರೆದವರ ಭಾಗಲಬ್ಧ 0.6366, ಅದು 2/π. ಸಮ ಘಾತಕ್ಕೆ ಕೊನೆಯಲ್ಲಿ π/2 ಇಂದ ಗುಣಿಸಬೇಕೆಂಬುದು ಬಿಟ್ಟುಹೋಗಿದೆ. ಬೆಸ ಘಾತಕ್ಕೆ ಸುಮ್ಮನೆ ಗುಣಿಸಿದ್ದರೆ ಭಾಗಲಬ್ಧ 1.5708 ಕಾಣುತ್ತದೆ. ಆದೇಶ ಹಾಕಿದ ಮೇಲೆ ಲಿಮಿಟ್ ಬದಲಿಸದೆ ಬಿಟ್ಟ ತಪ್ಪಿಗೆ ಮಾತ್ರ ಇಂಥ ಗುರುತಿಲ್ಲ. ಸೈನ್²ಎಕ್ಸ್ ಕಾಸ್ ಎಕ್ಸ್ ಲೆಕ್ಕದಲ್ಲಿ (0 ಇಂದ π/2) 1/3ರ ಬದಲು 1.2919 ಬಂದರೆ ಭಾಗಲಬ್ಧದಿಂದ ಏನೂ ಹೊಳೆಯದು, ಸಾಲು ಸಾಲಾಗಿಯೇ ಹೋಗಬೇಕು.

ಯಂತ್ರವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಸೆಕ್²ಎಕ್ಸ್ ಅನ್ನು 0 ಇಂದ π ವರೆಗೆ ಕೈಯಲ್ಲಿ ಮಾಡಿದವರಿಗೆ ಟ್ಯಾನ್ π − ಟ್ಯಾನ್ 0, ಸೊನ್ನೆ. ನಿಜದಲ್ಲಿ ಈ ಅನುಕಲಕ್ಕೆ ಬೆಲೆಯೇ ಇಲ್ಲ, π/2ರಲ್ಲಿ ಫಂಕ್ಷನ್ ಅನಂತಕ್ಕೆ ಹೋಗುತ್ತದೆ. ಇಂಥದ್ದಕ್ಕೆ ಯಂತ್ರ 'ಮ್ಯಾಥ್ ಎರರ್' ಅಥವಾ 'ಟೈಮ್ ಔಟ್' ಅಂದರೆ ಪುಣ್ಯ, ಅರ್ಥವಿಲ್ಲದ ದೊಡ್ಡ ಸಂಖ್ಯೆಯನ್ನೂ ಕೊಡಬಹುದು. ಅನೇಕ ಸುತ್ತು ಹಾಕುವ ಫಂಕ್ಷನ್ನಿಗೆ ಒಂದೊಂದು ಸುತ್ತನ್ನು, ಇಲ್ಲವೇ ಧನ-ಋಣ ಭಾಗಗಳನ್ನು ಬೇರೆ ಬೇರೆ ಮಾಡಿ ಕೂಡಿಸಿ ಎಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಉತ್ತರ ಸೊನ್ನೆ ಇರಬೇಕಾದಲ್ಲಿ ×10⁻¹² ತರಹದ್ದು ಕಂಡರೆ ಗಾಬರಿ ಬೇಡ, ಅದು ಸೊನ್ನೆಯೇ.

ಹಳೆಯ 991ಎಂಎಸ್‌ನಲ್ಲೂ ∫ ಇದೆ. ಆದರೆ ಅದು ಸಿಂಪ್ಸನ್ ನಿಯಮದ (ವಕ್ರವನ್ನು ತುಂಡು ಮಾಡಿ ಅಂದಾಜಿಸುವ ವಿಧಾನ) ಮೇಲೆ ನಡೆಯುತ್ತದೆ, ಸೂತ್ರವನ್ನು ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಬರೆಯಬೇಕು. ಲಿಮಿಟ್ ಅದಲುಬದಲಾದರೆ ಕಣ್ಣಿಗೆ ಬೀಳುವುದಿಲ್ಲ. ಇಎಸ್ ಪ್ಲಸ್‌ನಲ್ಲಿ ಕಾಗದದ ಮೇಲಿದ್ದಂತೆಯೇ ಕಾಣುತ್ತದೆ, ಈ ಕೆಲಸಕ್ಕೆ ಅದೇ ದೊಡ್ಡ ಅನುಕೂಲ. 82ಎಂಎಸ್ ಇರುವವರಿಗೆ ∫ ಕೀಲಿಯೇ ಇಲ್ಲ. ಮೇಲಿನ 5 + 4 ಕಾಸ್ ಎಕ್ಸ್ ತರಹದ ಕುಸಿತ ನೋಡಲು ಮೊಬೈಲಿನಲ್ಲಿ ನಕ್ಷೆ ಬಿಡಿಸುವ ಉಚಿತ ಆ್ಯಪ್ ಜಿಯೋಜೀಬ್ರಾ ಇದಕ್ಕಿಂತ ವಾಸಿ, ಪ್ರತಿ-ಅವಕಲಜದ ನಕ್ಷೆ π ಬಳಿ ತುಂಡಾಗಿರುವುದು ನೇರ ಕಾಣುತ್ತದೆ. ಸಿಇಟಿ ಹಾಲ್‌ಗೆ ಕ್ಯಾಲ್ಕುಲೇಟರ್, ಮೊಬೈಲ್ ಎರಡನ್ನೂ ಒಯ್ಯುವಂತಿಲ್ಲ. ಸಿಇಟಿ ತಯಾರಿಗಷ್ಟೇ ಬೇಕಿದ್ದರೆ ಹೊಸದಾಗಿ 991 ಕೊಳ್ಳಬೇಡಿ, ಜಿಯೋಜೀಬ್ರಾ ಸಾಕು. ಎಂಜಿನಿಯರಿಂಗ್‌ಗೆ ಸೇರುವವರು ಹೇಗೂ ಕೊಳ್ಳುತ್ತಾರೆ, ಅವರು ಈ ಕೀಲಿ ಇರುವುದನ್ನೇ ಕೊಳ್ಳಲಿ.